ಎಕ್ಸೆಲ್ ಶೀಟ್ ಇರುವಾಗ ಡೇಟಾಬೇಸ್ ಯಾಕೆ ಬೇಕು?

ಎರಡರಲ್ಲೂ ಇರುವುದು ಸಾಲು, ಕಾಲಂಗಳೇ ತಾನೇ ಅಂತ ಕೇಳಿದ್ದೀರಿ. ನೋಡಲು ಒಂದೇ ಥರ, ನಿಜ. ಆದರೆ ಡೇಟಾಬೇಸ್ ನೀವು ಹಾಕಿದ್ದನ್ನೆಲ್ಲ ಸುಮ್ನೆ ಒಪ್ಪಿಕೊಳ್ಳುವುದಿಲ್ಲ. ನನ್ನ ಪ್ರಕಾರ ಅದೇ ಅದರ ದೊಡ್ಡ ಲಾಭ.

ಎಕ್ಸೆಲ್‌ನಲ್ಲಿ 'ಮಾರ್ಚ್1' ಎಂಬ ಜೀನ್‌ನ (ವಂಶವಾಹಿಯ) ಹೆಸರು ಟೈಪ್ ಮಾಡಿದರೆ ಅದು ತಾನಾಗಿಯೇ ತಾರೀಖಾಗಿಬಿಡುತ್ತಿತ್ತು. ಈ ಕಾಟ ತಪ್ಪಿಸಲು ಅಂಥ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು! ಡೇಟಾಬೇಸ್‌ನಲ್ಲಿ ಆ ಕಾಲಂ ಅಕ್ಷರಕ್ಕೆ ಅಂತ ಒಮ್ಮೆ ಹೇಳಿದರೆ ಮುಗಿಯಿತು.

ಇನ್ನೊಂದು ವಿಷಯ. ಒಬ್ಬ ಗ್ರಾಹಕರ ಫೋನ್ ನಂಬರ್ ಶೀಟ್‌ನ 40 ಸಾಲುಗಳಲ್ಲಿ ಇದೆ ಅಂದುಕೊಳ್ಳಿ. ನಂಬರ್ ಬದಲಾದರೆ 40 ಕಡೆ ತಿದ್ದಬೇಕು. ಒಂದು ಬಿಟ್ಟುಹೋದರೂ ಯಾವುದು ಸರಿ ಅಂತ ಗೊತ್ತಾಗುವುದಿಲ್ಲ, ಅಲ್ವಾ? ಡೇಟಾಬೇಸ್‌ನಲ್ಲಿ ನಂಬರನ್ನು ಗ್ರಾಹಕರ ಟೇಬಲ್‌ನಲ್ಲಿ ಒಂದೇ ಕಡೆ ಇಡಬಹುದು. ಆರ್ಡರ್ ಟೇಬಲ್‌ಗೆ ಗ್ರಾಹಕರ ಐಡಿ ಸಾಕು.

ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಕೂಡಿಸುವಷ್ಟರಲ್ಲಿ ಕರೆಂಟ್ ಹೋದರೆ? ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಅಂದರೆ ಆದರೆ ಎಲ್ಲವೂ ಆಗಬೇಕು, ಇಲ್ಲದಿದ್ದರೆ ಯಾವುದೂ ಆಗಬಾರದು ಎಂಬ ಕೆಲಸಗಳ ಗುಂಪಿನಲ್ಲಿ) ಇಟ್ಟಿದ್ದರೆ, ಅರ್ಧ ಆದ ಕೆಲಸವನ್ನು ಡೇಟಾಬೇಸ್ ರದ್ದು ಮಾಡುತ್ತದೆ.

ಎಕ್ಸೆಲ್ ಶೀಟ್‌ಗೆ 10,48,576 ಸಾಲುಗಳ ಮಿತಿಯೂ ಇದೆ. ಒಬ್ಬರೇ ಬಳಸುವ ಚಿಕ್ಕ ಪಟ್ಟಿಗೆ ಶೀಟೇ ಸಾಕು. ಅದಕ್ಕಿಂತ ಜಾಸ್ತಿ ಬೇಕಾದರೆ ಎಸ್‌ಕ್ಯೂಎಲೈಟ್ (SQLite) ಎಂಬ ಡೇಟಾಬೇಸ್‌ನಿಂದ ಶುರು ಮಾಡಿ. ಅದಕ್ಕೆ ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲ್‌ನಲ್ಲಿ ಇರುತ್ತದೆ.