ಏಜೆಂಟ್ ಆದರೆ ಊರಿನವರು ಮುಖ ತಿರುಗಿಸುತ್ತಾರಾ?

ಪ್ರಶ್ನೆ: ನನಗೆ 31 ವರ್ಷ, ಪಿಯುಸಿ ಆಗಿದೆ. ಒಂದೂವರೆ ಎಕರೆ ಅಡಿಕೆ ತೋಟ, ಎರಡು ಹಸು ಇವೆ. ಎಲ್‌ಐಸಿಯ ಬಿಮಾ ಸಖಿ ಆಗಿ, ತಿಂಗಳಿಗೆ ಏಳು ಸಾವಿರ ಬರುತ್ತದೆ ಎಂದು ಡೆವಲಪ್‌ಮೆಂಟ್ ಆಫೀಸರ್ ಒಬ್ಬರು ಹೇಳಿದ್ದಾರೆ. ಅತ್ತೆಗೆ ಇಷ್ಟವಿಲ್ಲ. "ಏಜೆಂಟ್ ಬಂದ ಅಂದ್ರೆ ಜನ ಬಾಗಿಲು ಹಾಕ್ಕೋತಾರೆ, ಊರಲ್ಲಿ ಇದ್ದ ಮರ್ಯಾದೆನೂ ಹೋಗುತ್ತೆ" ಅಂತಾರೆ. ಸೇರಲೇ? ಸೇರಿದರೆ ಯಾರಿಂದ ಶುರು ಮಾಡಲಿ?
– ಒಬ್ಬ ಓದುಗಿ, ಚನ್ನಗಿರಿ ತಾಲ್ಲೂಕು

ಉತ್ತರ: ಸೇರಿ. ಆದರೆ ಆ ಏಳು ಸಾವಿರವನ್ನು ಸಂಬಳ ಅಂದುಕೊಂಡು ಸೇರಬೇಡಿ.

ಹೆಂಗಸರನ್ನು ಎಲ್‌ಐಸಿ ಏಜೆಂಟ್ ಮಾಡುವ ಈ ಬಿಮಾ ಸಖಿ ಯೋಜನೆ ಶುರುವಾಗಿದ್ದು 2024ರ ಡಿಸೆಂಬರ್ 9ರಂದು. ಹತ್ತನೇ ತರಗತಿ ಪಾಸಾದ, 18ರಿಂದ 70 ವರ್ಷದೊಳಗಿನ ಹೆಂಗಸರು ಸೇರಬಹುದು. ಈಗಾಗಲೇ ಏಜೆಂಟ್ ಆಗಿರುವವರಿಗೆ, ಎಲ್‌ಐಸಿ ನೌಕರರ ಮತ್ತು ಏಜೆಂಟರ ಹತ್ತಿರದ ಸಂಬಂಧಿಕರಿಗೆ ಅವಕಾಶ ಇಲ್ಲ. ಮೊದಲ ವರ್ಷ ತಿಂಗಳಿಗೆ 7,000 ರೂಪಾಯಿ, ಎರಡನೇ ವರ್ಷ 6,000, ಮೂರನೇ ವರ್ಷ 5,000. ಕಮಿಷನ್ ಬೇರೆ. ಮೂರು ವರ್ಷ ಆದ ಮೇಲೆ ಈ ಹಣ ನಿಲ್ಲುತ್ತದೆ, ಆಮೇಲೆ ಕಮಿಷನ್ ಒಂದೇ. ಇದು ಎಲ್‌ಐಸಿ ನೌಕರಿಯೂ ಅಲ್ಲ. ಇಷ್ಟನ್ನು ಆ ಆಫೀಸರ್ ನಿಮಗೆ ಹೇಳಿರಬಹುದು. ಷರತ್ತು ಹೇಳಿದರಾ? ವರ್ಷಕ್ಕೆ 24 ಜನರ ಪಾಲಿಸಿ ಆಗಬೇಕು, ಆ ಪಾಲಿಸಿಗಳ ಮೊದಲ ವರ್ಷದ ಕಮಿಷನ್ 48,000 ರೂಪಾಯಿ ಮುಟ್ಟಬೇಕು. ಮತ್ತೆ ಎರಡನೇ ವರ್ಷದ ಹಣ ಬರಬೇಕಾದರೆ ಮೊದಲ ವರ್ಷ ನೀವು ಮಾಡಿಸಿದ ಪಾಲಿಸಿಗಳಲ್ಲಿ ಕನಿಷ್ಠ ನೂರಕ್ಕೆ 65 ಜೀವಂತ ಇರಬೇಕು. ಅಂದರೆ 24 ಮಾಡಿಸಿದ್ದರೆ 16 ಮಂದಿಯಾದರೂ ಕಂತು ಕಟ್ಟುತ್ತಿರಬೇಕು.

ಈ ಕೊನೆಯ ಷರತ್ತನ್ನು ಎರಡು ಸಲ ಓದಿ. ನಿಮ್ಮ ಅತ್ತೆಯ ಮಾತಿಗೂ ಅಲ್ಲೇ ಉತ್ತರ ಇದೆ. ಜನ ಬಾಗಿಲು ಹಾಕುವುದು ವಿಮೆ ಬೇಡ ಅಂತಲ್ಲ. ಯಾರೋ ಒಬ್ಬರು ಬಂದು, ಕೂಲಿಗೆ ಹೋಗುವವರ ಕೈಯಲ್ಲಿ ಕಟ್ಟಲಾಗದಷ್ಟು ದೊಡ್ಡ ಪಾಲಿಸಿ ಮಾಡಿಸಿ, ಒಂದೆರಡು ಕಂತು ಆದ ಮೇಲೆ ಮುಖವನ್ನೇ ತೋರಿಸದೆ ಹೋಗಿರುತ್ತಾರೆ. ಕಟ್ಟಿದ್ದೂ ಹೋಯಿತು, ರಕ್ಷಣೆಯೂ ಇಲ್ಲ. ಆ ಸಿಟ್ಟು ಇರುತ್ತದೆ. 2024ರ ಅಕ್ಟೋಬರ್‌ನಿಂದ ಬಂದ ಹೊಸ ನಿಯಮದಲ್ಲಿ ಒಂದು ವರ್ಷದ ಕಂತು ಪೂರ್ತಿ ಕಟ್ಟಿದವರಿಗೂ ಸರೆಂಡರ್ ಮಾಡಿದರೆ, ಅಂದರೆ ಪಾಲಿಸಿಯನ್ನು ಅವಧಿಗೆ ಮುಂಚೆಯೇ ಬಿಟ್ಟುಕೊಟ್ಟರೆ, ಸ್ವಲ್ಪ ವಾಪಸ್ ಸಿಗುವ ವ್ಯವಸ್ಥೆ ಆಗಿದೆ, ಆದರೂ ಕಟ್ಟಿದಷ್ಟು ಬರುವುದಿಲ್ಲ. ಹಾಗಾಗಿ ಪಾಲಿಸಿ ಮಾಡಿಸುವ ದಿನವೇ "ಇವರು ಮುಂದಿನ ವರ್ಷವೂ ಇದನ್ನು ಕಟ್ಟುತ್ತಾರಾ?" ಎಂದು ಕೇಳಿಕೊಳ್ಳಿ. ಉತ್ತರ ಅನುಮಾನ ಅನ್ನಿಸಿದರೆ ಮೊತ್ತ ಇಳಿಸಿ. ನಿಮ್ಮ ಕಮಿಷನ್ ಕಡಿಮೆಯಾಗುತ್ತದೆ, ಆಗಲಿ. ಮೊದಲ ವರ್ಷದ ಕಮಿಷನ್ ಜಾಸ್ತಿ ನಿಜ, ಆದರೆ ಆಮೇಲೆ ವರ್ಷ ವರ್ಷ ಬರುವ ರಿನ್ಯೂವಲ್ ಕಮಿಷನ್ ಇದೆಯಲ್ಲ, ಹಳೆಯ ಏಜೆಂಟರ ಮನೆ ನಡೆಯುವುದು ಅದರಿಂದ.

ಪರೀಕ್ಷೆಗೆ ಹೆದರಬೇಡಿ. 25 ಗಂಟೆ ತರಬೇತಿ, ಆಮೇಲೆ ಐಸಿ 38 ಎನ್ನುವ ಆನ್‌ಲೈನ್ ಪರೀಕ್ಷೆ. ಒಂದು ಗಂಟೆ, 50 ಪ್ರಶ್ನೆ, 18 ಸರಿಯಾದರೆ ಪಾಸ್. ಕನ್ನಡದಲ್ಲೂ ಬರೆಯಬಹುದು. ಆದರೆ ಆ ಪುಸ್ತಕವನ್ನು ಪಾಸಾಗಲು ಮಾತ್ರ ಓದಬೇಡಿ. ನಾಮಿನಿ, ಗ್ರೇಸ್ ಅವಧಿ (ಕಂತಿನ ದಿನ ದಾಟಿದ ಮೇಲೂ ಕಟ್ಟಲು ಸಿಗುವ ದಿನಗಳು), ಲ್ಯಾಪ್ಸ್ (ಕಂತು ಕಟ್ಟದೆ ಪಾಲಿಸಿ ನಿಂತುಹೋಗುವುದು), ರಿವೈವಲ್ (ನಿಂತದ್ದನ್ನು ಮತ್ತೆ ಚಾಲೂ ಮಾಡಿಸುವುದು), ಇವೆಲ್ಲ ಅದರಲ್ಲೇ ಇವೆ. ಮನೆ ಬಾಗಿಲಲ್ಲಿ ಜನ ಕೇಳುವುದೂ ಇವನ್ನೇ.

ಇನ್ನು ಯಾರಿಂದ ಶುರು? ಎಲ್ಲರೂ ಹೇಳುವುದು ನೆಂಟರಿಂದ ಅಂತ. ಡೈರಿಯಲ್ಲಿ ನೂರು ಹೆಸರು ಬರೆಸುತ್ತಾರೆ: ಅಣ್ಣ, ಭಾವ, ಚಿಕ್ಕಪ್ಪ, ನಾದಿನಿ. ನನಗೆ ಈ ದಾರಿ ಇಷ್ಟವಿಲ್ಲ. ನೆಂಟರು ನಿಮ್ಮ ಮುಖ ನೋಡಿ ಒಂದು ಕಂತು ಕಟ್ಟುತ್ತಾರೆ, ಎರಡನೇ ವರ್ಷ ಬಿಡುತ್ತಾರೆ, ಬಿಟ್ಟ ಮೇಲೆ ಮದುವೆ ಮನೆಯಲ್ಲಿ ಸಿಕ್ಕಾಗ ನಿಮಗೂ ಮುಜುಗರ, ಅವರಿಗೂ ಮುಜುಗರ. ಅವರಾಗಿಯೇ ಕೇಳಿದರೆ ಮಾಡಿಸಿಕೊಡಿ.

ನಾನು ಹೇಳುವುದು ಬೇರೆ. ಮೊದಲ ಒಂದೆರಡು ತಿಂಗಳು ಊರಲ್ಲಿ ಈಗಾಗಲೇ ಇರುವ ಪಾಲಿಸಿಗಳನ್ನು ನೋಡಿ. ಪ್ರತಿ ಮನೆಯ ಟ್ರಂಕಿನಲ್ಲಿ, ಬೀರುವಿನಲ್ಲಿ ಒಂದಾದರೂ ಬಾಂಡ್ ಇರುತ್ತದೆ. "ತೆಗೀರಿ ಅಕ್ಕ, ನೋಡ್ತೀನಿ" ಅನ್ನಿ. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಯಲ್ಲಿ ನಾಮಿನಿ ತಾಯಿ ಇರುತ್ತಾರೆ, ಆ ತಾಯಿ ತೀರಿಕೊಂಡು ಎಷ್ಟೋ ವರ್ಷ ಆಗಿರುತ್ತದೆ, ಈಗ ಹೆಂಡತಿ, ಇಬ್ಬರು ಮಕ್ಕಳು ಇದ್ದರೂ ಅವರ ಹೆಸರು ಎಲ್ಲೂ ಇರುವುದಿಲ್ಲ. ಅದನ್ನು ಬದಲಾಯಿಸಿಕೊಡಿ. ಒಂದು ಫಾರಂ ಸಾಕು. ಕಂತು ನಿಂತಿದ್ದರೆ ನಿಂತ ದಿನದಿಂದ ಐದು ವರ್ಷದೊಳಗೆ ರಿವೈವಲ್ ಮಾಡಿಸಬಹುದು, ಬಡ್ಡಿ ಎಷ್ಟಾಗುತ್ತದೆ ಎಂದು ಬ್ರಾಂಚ್‌ನಲ್ಲಿ ವಿಚಾರಿಸಿ ಹೇಳಿ. ಮೆಚ್ಯೂರಿಟಿ ಆದ ಪಾಲಿಸಿಯ ಹಣ ಬ್ಯಾಂಕ್ ಖಾತೆ ವಿವರ ಕೊಟ್ಟಿಲ್ಲ ಎನ್ನುವ ಒಂದೇ ಕಾರಣಕ್ಕೆ ಉಳಿದಿರಬಹುದು, ಅದನ್ನೂ ನೋಡಿ. ಬೇರೆಯವರು ಮಾಡಿಸಿದ ಈ ಪಾಲಿಸಿಗಳಿಂದ ನಿಮಗೆ ಕಮಿಷನ್ ಬರುವುದಿಲ್ಲ. ಆದರೆ ಊರಿನವರು ನಿಮ್ಮನ್ನು ಮೊದಲು ನೋಡುವುದು ಪಾಲಿಸಿ ಮಾರಲು ಬಂದವಳು ಅಂತಲ್ಲ, ಕೆಲಸ ಮಾಡಿಕೊಡುವವಳು ಅಂತ. ಆಮೇಲೆ ಅವರೇ ಕರೆಯುತ್ತಾರೆ. ತಡ ಆಗಬಹುದು, ಆದರೆ ಹಾಗೆ ಬಂದವರು ಕಂತು ಬಿಡುವುದು ಕಡಿಮೆ.

ಟ್ರಂಕ್ ತೆಗೆಸಿದಾಗ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಮಗುವಿನ ಹೆಸರಿಗೆ ಪಾಲಿಸಿ ಇರುತ್ತದೆ, ದುಡಿಯುವ ಅಪ್ಪನ ಹೆಸರಿಗೆ ಇರುವುದಿಲ್ಲ. ಅಪ್ಪ ಹೋದರೆ ಆ ಮಗುವಿನ ಕಂತು ಕಟ್ಟುವವರು ಯಾರು? ಮೊದಲು ದುಡಿಯುವವರ ಜೀವಕ್ಕೆ ರಕ್ಷಣೆ, ಮಿಕ್ಕಿದ್ದು ಆಮೇಲೆ. ಇದನ್ನು ನೇರವಾಗಿ ಹೇಳಿ, ಮಕ್ಕಳ ಮದುವೆ, ಓದು ಎಂದು ಸುಮ್ನೆ ಆಸೆ ಹುಟ್ಟಿಸಬೇಡಿ. ದುಡ್ಡಿಲ್ಲದ ಮನೆಯಾದರೆ ಬ್ಯಾಂಕಿನಲ್ಲಿ ಸಿಗುವ ಎರಡು ಸರ್ಕಾರಿ ಯೋಜನೆ ತಿಳಿಸಿ. ಜೀವನ ಜ್ಯೋತಿ ವಿಮೆ ವರ್ಷಕ್ಕೆ 436 ರೂಪಾಯಿ, 18ರಿಂದ 50 ವರ್ಷದವರು ಸೇರಬಹುದು, ಸಾವು ಹೇಗೆ ಬಂದರೂ ಎರಡು ಲಕ್ಷ. ಸುರಕ್ಷಾ ವಿಮೆ ವರ್ಷಕ್ಕೆ 20 ರೂಪಾಯಿ, ಅಪಘಾತಕ್ಕೆ ಎರಡು ಲಕ್ಷ, 70 ವರ್ಷದವರೆಗೆ. ನಿಮ್ಮ ಕಡೆ ಅಡಿಕೆ ಕೊನೆ ಕೊಯ್ಯಲು ಮರ ಹತ್ತುವವರಿಗೆ ಈ 20 ರೂಪಾಯಿಯ ವಿಮೆ ಇಲ್ಲ ಅಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಇದರಲ್ಲೂ ನಿಮಗೆ ಕಮಿಷನ್ ಇಲ್ಲ. ಆದರೂ ಹೇಳಿ.

ಕಂತು ಯಾವಾಗ ಬೀಳಬೇಕು ಎನ್ನುವುದೂ ಮುಖ್ಯ. ಅಡಿಕೆ ಮಾರಿ ದುಡ್ಡು ಕೈಗೆ ಬರುವ ಹೊತ್ತಿಗೆ ವಾರ್ಷಿಕ ಕಂತು ಬೀಳುವ ಹಾಗೆ ನೋಡಿಕೊಳ್ಳಿ. ಡೇರಿಗೆ ಹಾಲು ಹಾಕುವವರಿಗೆ, ತಿಂಗಳ ಸಂಬಳದವರಿಗೆ ತಿಂಗಳ ಕಂತು ಸರಿ. ತಿಂಗಳ ಕಂತಿಗೆ ಗ್ರೇಸ್ 15 ದಿನ ಮಾತ್ರ, ಉಳಿದವಕ್ಕೆ 30 ದಿನ. ಇದನ್ನು ಬಾಂಡ್ ಕೊಡುವಾಗಲೇ ಹೇಳಿ, ಅವರ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬನ್ನಿ. ಹೊಸ ಪಾಲಿಸಿ ಬೇಡ ಅನ್ನಿಸಿದರೆ ಬಾಂಡ್ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಬಹುದು, ಅದನ್ನೂ ಮುಚ್ಚಿಡಬೇಡಿ.

ಫಾರಂ ತುಂಬುವಾಗ ಒಂದು ಮಾತೂ ಸುಳ್ಳು ಬರೆಯಬೇಡಿ. ಶುಗರ್ ಇದೆ, ಬಿಪಿ ಇದೆ, ಎಲೆ ಅಡಿಕೆ ಜೊತೆ ತಂಬಾಕು ಹಾಕುತ್ತಾರೆ, ಎಲ್ಲ ಬರೆಯಿರಿ. "ಅದೆಲ್ಲ ಬರೆದರೆ ಮೆಡಿಕಲ್ ಕೇಳ್ತಾರೆ, ಬಿಡಿ" ಎಂದು ನಿಮಗೇ ಹೇಳಿಕೊಡುವವರು ಸಿಗುತ್ತಾರೆ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಪಾಲಿಸಿ ಶುರುವಾಗಿ ಮೂರು ವರ್ಷದವರೆಗೆ ಕಂಪನಿ ಇದನ್ನೆಲ್ಲ ಕೆದಕಬಹುದು. ಆ ಮೂರು ವರ್ಷದೊಳಗೆ ಗಂಡ ತೀರಿಕೊಂಡು, ಕ್ಲೇಮ್ ತಿರಸ್ಕಾರ ಆದರೆ ಆ ಹೆಂಗಸು ನಿಮ್ಮ ಮನೆ ಮುಂದೆ ಬಂದು ನಿಲ್ಲುತ್ತಾಳೆ. ಏನು ಹೇಳುತ್ತೀರಿ?

ಎರಡು ಮಾತು ದುಡ್ಡಿನ ಬಗ್ಗೆ. ಕಂತಿನ ಹಣ ನಗದಾಗಿ ನಿಮ್ಮ ಕೈಗೆ ಇಸಿದುಕೊಳ್ಳಬೇಡಿ, ಅವರ ಖಾತೆಯಿಂದಲೋ ಫೋನಿನಿಂದಲೋ ನೇರವಾಗಿ ಕಟ್ಟಿಸಿ, ರಸೀದಿ ಅವರ ಹತ್ತಿರವೇ ಇರಲಿ. ಮತ್ತೆ, "ಮೊದಲ ಕಂತು ನೀನೇ ಹಾಕು, ಮಾಡಿಸ್ತೀನಿ" ಎನ್ನುವವರು ಬಂದೇ ಬರುತ್ತಾರೆ. ಹೀಗೆ ಗಿರಾಕಿಗೆ ಕಮಿಷನ್ ಬಿಟ್ಟುಕೊಡುವುದು ಅದೇ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಅಪರಾಧ, ದಂಡ 10 ಲಕ್ಷ ರೂಪಾಯಿವರೆಗೆ ಇದೆ. ಮಾರ್ಚ್ ಬಂದರೆ ಗುರಿ ಮುಟ್ಟಲು ತಮ್ಮ ಕೈಯಿಂದಲೇ ಬೇರೆಯವರ ಕಂತು ಕಟ್ಟಿ, ಆ ಪಾಲಿಸಿ ಮುಂದಿನ ವರ್ಷ ಲ್ಯಾಪ್ಸ್ ಆಗಿ, ಕೊನೆಗೆ ಸಾಲ ತಲೆ ಮೇಲೆ ಬಂದ ಏಜೆಂಟರು ಎಷ್ಟೋ ಮಂದಿ. ಗುರಿ ಮುಟ್ಟದಿದ್ದರೆ ಆ ವರ್ಷದ ಹಣ ಹೋಗಲಿ. ಓಲೆ ಅಡ ಇಟ್ಟು ಕಟ್ಟಬೇಡಿ.

ಪ್ರಶ್ನೆ: ಬಿ.ಕಾಂ ಮುಗಿಸಿ ಒಂದು ವರ್ಷ ಆಯಿತು. ಖಾಸಗಿ ವಿಮಾ ಕಂಪನಿಯೊಂದರಿಂದ "ಸೇಲ್ಸ್ ಮ್ಯಾನೇಜರ್ ಕೆಲಸ" ಎಂದು ಫೋನ್ ಬಂತು. ಹೋದರೆ, ಮೊದಲು ಏಜೆಂಟ್ ಕೋಡ್ ತಗೊಳ್ಳಿ, ಅಪ್ಪ, ಅಮ್ಮ, ಅಕ್ಕನ ಹೆಸರಲ್ಲಿ ಪಾಲಿಸಿ ಮಾಡಿಸಿ, ಆಮೇಲೆ ಕೆಲಸ ಕನ್ಫರ್ಮ್ ಅಂದರು. ಮಾಡಲಾ?
– ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಬೇಡ. ಸಂಬಳದ ಕೆಲಸಕ್ಕೆ ನೇಮಕಾತಿ ಪತ್ರ ಇರುತ್ತದೆ, ಅದರಲ್ಲಿ ತಿಂಗಳ ಮೊತ್ತ ಬರೆದಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓದದೆ ಮನೆಯವರ ಪ್ಯಾನ್, ಆಧಾರ್ ಯಾರಿಗೂ ಕೊಡಬೇಡಿ. ಅವರಿಗೆ ಬೇಕಾಗಿರುವುದು ನಿಮ್ಮ ಮನೆಯ ಮೂರು ಪಾಲಿಸಿ. ಅದು ಮುಗಿದ ಮೇಲೆ ಫೋನ್ ಎತ್ತುತ್ತಾರೆ ಎನ್ನುವ ಭರವಸೆ ನನಗಿಲ್ಲ.

ಏಜೆಂಟ್ ಆಗಿಯೇ ಕೆಲಸ ಮಾಡುವ ಮನಸ್ಸಿದ್ದರೆ ಅದು ಬೇರೆ ಮಾತು, ಒಳ್ಳೆಯ ಕೆಲಸವೇ. ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿಯ ಪರವಾಗಿ ಕೆಲಸ ಮಾಡಬಹುದು. ಹುಬ್ಬಳ್ಳಿಯಂಥ ಊರಿನಲ್ಲಿ ನಾನಾಗಿದ್ದರೆ ಆರೋಗ್ಯ ವಿಮೆಯಿಂದ ಶುರು ಮಾಡುತ್ತಿದ್ದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ. ಆರೋಗ್ಯ ವಿಮೆಗೆ ಮೊದಲು 18 ಪರ್ಸೆಂಟ್ ಇತ್ತು. ಅಂಗಡಿ ಇಟ್ಟವರು, ಗ್ಯಾರೇಜಿನವರು, ಕಂಪನಿ ವಿಮೆ ಇಲ್ಲದವರು ಎಷ್ಟು ಜನ ಇದ್ದಾರೆ ನೋಡಿ. ಆದರೆ ಅವರಿಗೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು ಎಂದು ಮೊದಲ ದಿನವೇ ಹೇಳಿಬಿಡಿ. ಮತ್ತೆ ಕ್ಲೇಮ್ ಬಂದ ದಿನ ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಅವರ ಪಕ್ಕ ನೀವೂ ನಿಲ್ಲಬೇಕು, ರಾತ್ರಿ ಹನ್ನೊಂದಕ್ಕೆ ಕರೆ ಬಂದರೂ. ಅದಕ್ಕೆ ಸಿದ್ಧ ಇಲ್ಲದಿದ್ದರೆ ಈ ಕಡೆ ಬರಬೇಡಿ.

ವರ್ಷದ ಕಮಿಷನ್ 20,000 ದಾಟಿದರೆ ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಹಿಡಿಯುತ್ತಾರೆ, ಈಗ ಅದು 2 ಪರ್ಸೆಂಟ್. ಆದಾಯ ಕಡಿಮೆ ಇದ್ದರೂ ರಿಟರ್ನ್ ಹಾಕಿ, ವಾಪಸ್ ಬರುತ್ತದೆ. ಬಿ.ಕಾಂ ಓದಿದ್ದೀರಿ, ಇದನ್ನು ನೀವೇ ಮಾಡಿಕೊಳ್ಳಬಹುದು.

ಪ್ರಶ್ನೆ: ನಾನು ಗೃಹಿಣಿ, ಏಜೆಂಟ್ ಕೋಡ್ ಬಂದಿದೆ. ನಮ್ಮ ಯಜಮಾನರು ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಅವರ ಶಾಲೆಯ ಶಿಕ್ಷಕರಿಂದಲೇ ಶುರು ಮಾಡೋಣ ಅಂತ ಇದ್ದೇವೆ. ಸರಿಯಾ?
– ಒಬ್ಬ ಓದುಗಿ, ಹಾಸನ

ಉತ್ತರ: ನೀವು ಏಜೆಂಟ್ ಆಗಬಹುದು. ಮನೆಯವರು ಏಜೆಂಟ್ ಆಗಿದ್ದಾರೆ ಎಂದು ಮೇಷ್ಟ್ರು ತಮ್ಮ ಇಲಾಖೆಗೆ ಲಿಖಿತವಾಗಿ ತಿಳಿಸಿಬಿಡಲಿ. ಆದರೆ ಅವರು ನಿಮ್ಮ ಪರವಾಗಿ ಪಾಲಿಸಿ ಮಾಡಿಸಿ ಎಂದು ಯಾರನ್ನೂ ಕೇಳುವ ಹಾಗಿಲ್ಲ. ಹೆಂಡತಿಯ ಏಜೆನ್ಸಿಗೆ ಸರ್ಕಾರಿ ನೌಕರ ಪ್ರಚಾರ ಮಾಡುವುದು ನಡತೆ ನಿಯಮದ ಉಲ್ಲಂಘನೆ. ಸ್ಟಾಫ್ ರೂಮಿನಲ್ಲಿ ಆಡಿದ ಮಾತೂ ಇದರಲ್ಲೇ ಬರುತ್ತದೆ, ಒಂದು ದೂರು ಹೋದರೆ ತೊಂದರೆ ಅವರಿಗೆ.

ಇನ್ನೊಂದು ವಿಷಯ. ಆ ಶಿಕ್ಷಕರಿಗೆಲ್ಲ ಕೆಜಿಐಡಿ ಕಡಿತ ಆಗಲೇ ಇರುತ್ತದೆ. ಮೈಸೂರು ಸಂಸ್ಥಾನ 1891ರಲ್ಲಿ ತನ್ನ ನೌಕರರಿಗಾಗಿ ಶುರು ಮಾಡಿದ ವಿಮೆ ಅದು, ಇವತ್ತಿಗೂ ರಾಜ್ಯ ಸರ್ಕಾರಿ ನೌಕರರಿಗೆ ಕಡ್ಡಾಯ. ಅದರಲ್ಲಿ ಎಷ್ಟು ಮೊತ್ತಕ್ಕೆ ರಕ್ಷಣೆ ಇದೆ, ಮನೆ ಸಾಲ ಎಷ್ಟು ಬಾಕಿ ಇದೆ ಎಂದು ನೋಡದೆ ಅವರಿಗೆ ಇನ್ನೊಂದು ಪಾಲಿಸಿ ಹೇಳುವುದು ಸರಿಯಲ್ಲ. ಎರಡರ ನಡುವಿನ ವ್ಯತ್ಯಾಸಕ್ಕೆ ಟರ್ಮ್ ಪಾಲಿಸಿ (ಸಾವಿಗೆ ಮಾತ್ರ ಹಣ ಕೊಡುವ ಪಾಲಿಸಿ) ಸಾಕು ಅನ್ನಿಸಿದರೆ ಅದನ್ನೇ ಹೇಳಿ, ಕಂತು ಚಿಕ್ಕದಿರುತ್ತದೆ ಅಂತ ಬಿಡಬೇಡಿ. ಹೋಗುವುದಾದರೆ ನೀವೇ ಹೋಗಿ, ಶಾಲೆ ಬಿಟ್ಟ ಮೇಲೆ, ಅವರ ಮನೆಗೆ, ಫೋನ್ ಮಾಡಿ ಕೇಳಿಕೊಂಡು. ಯಜಮಾನರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ.