ಸೈನಸ್ ಆಪರೇಷನ್ ಆದಮೇಲೆ ಉಪ್ಪುನೀರು ಹಾಕಿದರೆ ಉರಿಯುತ್ತದೆ, ಬಿಡಬಹುದಾ?

ಎಂಡೋಸ್ಕೋಪಿ ಸೈನಸ್ ಆಪರೇಷನ್ ಆಗಿ ಆರು ದಿನ, ಮೂಗು ತೊಳೆದರೆ ಉರಿ, ಕಿವಿ ಗುಂಯ್ ಅನ್ನುತ್ತದೆ, ಮೂಗು ಮೊದಲಿಗಿಂತ ಹೆಚ್ಚು ಕಟ್ಟಿದೆ ಎಂದು ಬಾಗಲಕೋಟೆಯಿಂದ ಕೇಳಿದ್ದೀರಿ. ತೊಳೆಯಲು ನಿಮ್ಮ ಡಾಕ್ಟರೇ ಹೇಳಿದ್ದರೆ ಬಿಡಬೇಡ್ರಿ. ಉರಿ ಬರುವುದು ಬಹುತೇಕ ನೀರಿನ ಹದ ತಪ್ಪಿದ್ದಕ್ಕೆ.

ಬರೀ ನೀರು ಹಾಕಿದರೂ ಉರಿ, ಉಪ್ಪು ಹೆಚ್ಚಾದರೂ ಉರಿ. ಒಂದು ಲೀಟರಿಗೆ 9 ಗ್ರಾಂ ಉಪ್ಪು ಬೇಕು. ಸಣ್ಣ ಉಪ್ಪಾದರೆ ತಲೆ ಸವರಿದ ಒಂದೂವರೆ ಚಹಾ ಚಮಚ, ಜೊತೆಗೆ ಅರ್ಧ ಚಮಚ ಅಡಿಗೆ ಸೋಡಾ. ಅಡಿಗೆಮನೆಯ ಉಪ್ಪಿನಲ್ಲಿ ಅಯೋಡಿನ್ ಇರುತ್ತದೆ, ಹಸಿ ಗಾಯಕ್ಕೆ ಅದೂ ಚುರುಗುಟ್ಟಬಹುದು. ಮೆಡಿಕಲ್ ಶಾಪಿನ ಪಾಕೀಟು ತಂದರೆ ಲೆಕ್ಕದ ತಾಪತ್ರಯ ಇಲ್ಲ, ಆದರೆ ಪಾಕೀಟಿನ ಮೇಲೆ ಎಷ್ಟು ಎಂಎಲ್ ಎಂದಿದೆಯೋ ಅಷ್ಟೇ ನೀರಿಗೆ ಹಾಕಬೇಕು. ಅರ್ಧ ಪಾಕೀಟು ಉಳಿಸುವ ಜಿಪುಣತನ ಇಲ್ಲಿ ಬೇಡ.

ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಹಾಗೇ ಮೂಗಿಗೆ ಹಾಕುವವರಿದ್ದಾರೆ. ಅದು ಕುಡಿಯಲು ಸರಿ, ಮೂಗಿಗೆ ಅಲ್ಲ. ಕೊತಕೊತ ಕುದಿ ಬಂದಮೇಲೆ ಒಂದು ನಿಮಿಷವಾದರೂ ಕುದಿಸಿ, ಮುಚ್ಚಿಟ್ಟು ಆರಿಸಿ, ಒಂದೇ ದಿನದಲ್ಲಿ ಮುಗಿಸಿ. ಮೂಗಿಗೆ ಹಾಕುವಾಗ ಮುಂಗೈ ಮೇಲೆ ಹನಿಸಿದರೆ ಬೆಚ್ಚಗೆನಿಸಬೇಕು, ಬಿಸಿ ಆಗಬಾರದು.

ಕಿವಿಯ ಗುಂಯ್‌ಗೆ ಕಾರಣ ಬಾಟಲಿಯನ್ನು ಗಟ್ಟಿಯಾಗಿ ಹಿಂಡುವುದು, ಇಲ್ಲವೇ ನಡುವೆ ಉಗುಳು ನುಂಗುವುದು. ಸಿಂಕಿನ ಮೇಲೆ ಬಗ್ಗಿ, ಬಾಯಿ ತೆರೆದು ಬಾಯಿಂದಲೇ ಉಸಿರಾಡುತ್ತ ಮೆಲ್ಲಗೆ ಒತ್ತಿ. ನೀರು ಇನ್ನೊಂದು ಹೊಳ್ಳೆಯಿಂದಲೋ ಬಾಯಿಂದಲೋ ಬರುತ್ತದೆ, ಉಗುಳಿಬಿಡಿ. ಮುಗಿದಮೇಲೆ ತಲೆ ಕೆಳಗೆ ಮಾಡಿ ಎಡಕ್ಕೂ ಬಲಕ್ಕೂ ತಿರುಗಿಸಿ ನೀರು ಸೋರಲು ಬಿಡಿ. ಸ್ಪ್ರೇ ಕೊಟ್ಟಿದ್ದರೆ ತೊಳೆದ ಅರ್ಧ ಗಂಟೆ ಬಿಟ್ಟು ಹೊಡೆಯಿರಿ, ತುದಿಯನ್ನು ನಡುಗೋಡೆಯತ್ತ ಅಲ್ಲ, ಆಯಾ ಬದಿಯ ಕಿವಿಯತ್ತ ಓರೆ ಹಿಡಿದು.

ಮೂಗು ಕಟ್ಟಿರುವುದು ಈಗ ಸಹಜ. ಒಳಗೆ ಬಾವು ಇದೆ, ರಕ್ತ ಸಿಂಬಳ ಸೇರಿ ಹಕ್ಕಳೆ ಕಟ್ಟಿದೆ. ಸಿಂಬಳ ತಳ್ಳುವ ಸಣ್ಣ ಕೂದಲಿನಂಥ ಎಳೆಗಳು ಸರಿಹೋಗಲು ವಾರಗಳೇ ಬೇಕು, ಅಲ್ಲಿಯವರೆಗೆ ಆ ಕೆಲಸ ಉಪ್ಪುನೀರಿನದು. ಹಕ್ಕಳೆ ಅಲ್ಲೇ ಕೂತರೆ ಎದುರುಬದುರಿನ ಹಸಿ ಗೋಡೆಗಳು ಅಂಟಿಕೊಂಡು, ಆಪರೇಷನ್ನಿನಲ್ಲಿ ತೆರೆದ ದಾರಿ ಮತ್ತೆ ಮುಚ್ಚಬಹುದು. ಆದ್ದರಿಂದ ಡಾಕ್ಟರು ಸ್ವಚ್ಛ ಮಾಡಲು ಕರೆದ ದಿನ ತಪ್ಪಿಸಬೇಡಿ. ಬೆರಳು, ಹತ್ತಿಕಡ್ಡಿ, ಕಾಯಿಸಿದ ತುಪ್ಪ, ಅಜ್ಜನ ತಪಕೀರು, ಯಾವುದೂ ಒಳಗೆ ಹೋಗಬಾರದು.

ಎರಡು ವಾರ ಮೂಗಿನಿಂದ ಜೋರಾಗಿ ಊದಿ ಸಿಂಬಳ ತೆಗೆಯಬೇಡಿ. ಸೀನು ಬಂದರೆ ತಡೆಯಬೇಡಿ, ಬಾಯಿ ಅಗಲ ಮಾಡಿ ಸೀನಿ. ಮನೆಯಲ್ಲಿ ಖಾರ ಕುಟ್ಟುವ ದಿನ, ಹೊಲದಲ್ಲಿ ರಾಶಿ ಮಾಡುವ ದಿನ ದೂರ ಇರಿ. ನೀರಿನ ಕೊಡ, ಜೋಳದ ಚೀಲ ಎತ್ತಬೇಡಿ. ತಲೆ ಎರಡು ದಿಂಬಿನ ಎತ್ತರದಲ್ಲಿರಲಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್, ಐಬುಪ್ರೊಫೆನ್ ಡಾಕ್ಟರನ್ನು ಕೇಳದೆ ಬೇಡ, ರಕ್ತಸ್ರಾವ ಹೆಚ್ಚಬಹುದು.

ತೊಳೆದು ಒಂದೆರಡು ತಾಸಿಗೆ ಬಗ್ಗಿದಾಗ ದಳದಳನೆ ನೀರು ಬಿದ್ದರೆ ಅದು ಒಳಗೆ ಉಳಿದ ಉಪ್ಪುನೀರು, ಗಾಬರಿ ಬೇಡ. ಆದರೆ ತೊಳೆಯದಿದ್ದಾಗಲೂ ಒಂದೇ ಹೊಳ್ಳೆಯಿಂದ ತಿಳಿ ನೀರು ತೊಟ್ಟಿಕ್ಕುತ್ತ, ಬಗ್ಗಿದಾಗ ಹೆಚ್ಚಾದರೆ, ಅದು ಮೆದುಳಿನ ಸುತ್ತಲಿನ ದ್ರವ ಇರಬಹುದು. ಆಗ ತೊಳೆಯುವುದು ನಿಲ್ಲಿಸಿ ಕೂಡಲೇ ಆಪರೇಷನ್ ಮಾಡಿದವರಿಗೆ ಫೋನ್ ಮಾಡಿ. ಕಣ್ಣು ಊದಿದರೆ, ದೃಷ್ಟಿ ಮಂಜಾದರೆ, ಒಂದು ವಸ್ತು ಎರಡಾಗಿ ಕಂಡರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ ಬೆಳಗಿನವರೆಗೂ ಕಾಯಬೇಡಿ. ರಕ್ತ ಸುರಿದರೆ ಮುಂದಕ್ಕೆ ಬಗ್ಗಿ ಕೂತು ಮೂಗಿನ ಮೆತ್ತನೆ ಭಾಗವನ್ನು 10 ರಿಂದ 15 ನಿಮಿಷ ಬಿಡದೆ ಹಿಡಿಯಿರಿ, ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ.