ಮೆಣಸಿನಕಾಯಿ ಬಿಡಿಸುವವರ ಕುತ್ತಿಗೆ, ಕೈ ಕಪ್ಪಾಗುವ ಬಗ್ಗೆ

ಅಣ್ಣಾ, ಮೆಣಸಿನಕಾಯಿ ಬಿಡಿಸಲು ಬರುವ ಹೆಣ್ಣುಮಕ್ಕಳಿಗೆ ಕುತ್ತಿಗೆ, ಮುಂಗೈ ಕಪ್ಪಾಗಿ ಸಿಪ್ಪೆ ಏಳುತ್ತಿದೆ, ಎಲ್ಲರಿಗೂ ಸನ್‌ಸ್ಕ್ರೀನ್ ತರಿಸಲಾ, ಇದು ಕ್ಯಾನ್ಸರ್‌ಗೆ ತಿರುಗುತ್ತದಾ ಎಂದು ಕೇಳಿದ್ದೀರಿ. ಸನ್‌ಸ್ಕ್ರೀನ್‌ಗಿಂತ ಮೊದಲು ಬಟ್ಟೆಗೆ ದುಡ್ಡು ಹಾಕಿ.

ಅದಕ್ಕೂ ಮುಂಚೆ ಇದು ಬಿಸಿಲಿನದೇನಾ ನೋಡಿ. ಬಿಸಿಲು ಬೀಳದ ಜಾಗ ಮೂರಿವೆ: ಕಣ್ಣುರೆಪ್ಪೆಯ ಮಡಿಕೆ, ಕಿವಿಯ ಹಿಂದೆ, ಗದ್ದದ ಕೆಳಗೆ. ಅಲ್ಲಿಯೂ ತುರಿಕೆ ಇದ್ದು ಚರ್ಮ ದಪ್ಪಗಾಗಿದ್ದರೆ ಅದು ಬಹುಪಾಲು ಕಾಂಗ್ರೆಸ್ ಗಿಡದ (ಪಾರ್ಥೇನಿಯಂ ಕಳೆ) ಅಲರ್ಜಿ. ಒಣಗಿದ ಗಿಡದ ಧೂಳು ಗಾಳಿಯಲ್ಲಿ ಬಂದು ಕೂತರೂ ಸಾಕು. ಬದುವಿನ ಗಿಡವನ್ನು ಹೂ ಬರುವ ಮೊದಲೇ, ಕೈಗವಸು ಹಾಕಿಕೊಂಡು, ಬೇರುಸಹಿತ ಕೀಳಿಸಿ. ಅಲರ್ಜಿ ಇರುವವರನ್ನು ಆ ಕೆಲಸಕ್ಕೆ ಹಚ್ಚಲೇಬೇಡಿ.

ಮಾತ್ರೆ ಏನು ತಗೊಳ್ಳುತ್ತಾರೆ ಅಂತಲೂ ಕೇಳಿ. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಎರಡೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ತಾವಾಗಿ ನಿಲ್ಲಿಸದೆ ಡಾಕ್ಟರಿಗೆ ಹೇಳಲಿ.

ಈಗ ಬಟ್ಟೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಳ್ಳುವ ನಮ್ಮ ಹೊಲದ ರೂಢಿ ಬಹಳ ಒಳ್ಳೆಯದು. ಆದರೆ ಸವೆದ ತೆಳು ಬಿಳಿ ಅಂಗಿ ತಡೆಯುವುದು ಕಡಿಮೆ, ಬೆವರಿಗೆ ಒದ್ದೆಯಾದರೆ ಇನ್ನೂ ಕಡಿಮೆ. ಬೆಳಕಿಗೆ ಹಿಡಿದು ನೋಡಿ, ಆಚೆಗಿನದು ಕಂಡರೆ ಅದು ಬೇಡ. ಒತ್ತಾಗಿ ನೇಯ್ದ, ಗಾಢ ಬಣ್ಣದ, ಸಡಿಲವಾದ ಕಾಟನ್ ಇರಲಿ. ಕಾಲರ್ ಎತ್ತಿ ಗುಂಡಿ ಹಾಕಿಕೊಳ್ಳಲಿ, ಏಕೆಂದರೆ ಬಗ್ಗಿ ಕೆಲಸ ಮಾಡುವಾಗ ಕುತ್ತಿಗೆಯ ಹಿಂಭಾಗವೇ ನೇರ ಬಿಸಿಲಿಗೆ ಸಿಗುವುದು. ಟೋಪಿ ಸುತ್ತಲೂ ಕನಿಷ್ಠ 3 ಇಂಚು ಅಂಚಿನದಾಗಿರಬೇಕು. ಕ್ರಿಕೆಟ್ ಕ್ಯಾಪ್ ಕಿವಿ, ಕುತ್ತಿಗೆ ಎರಡನ್ನೂ ಬಿಟ್ಟುಬಿಡುತ್ತದೆ. ರುಮಾಲು ತಲೆ ಕಾಯುತ್ತದೆ, ಮೂಗು ಕಾಯುವುದಿಲ್ಲ. ಸೆರಗು ಹೊದ್ದು ಅದರ ಮೇಲೆ ಟೋಪಿ ಇಟ್ಟರೆ ಸರಿಹೋಗುತ್ತದೆ.

ಹೊತ್ತಿನ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು 12ಕ್ಕಲ್ಲ, ಬೇಸಿಗೆಯಲ್ಲಿ ಸುಮಾರು ಹನ್ನೆರಡೂವರೆಗೆ. ಹಾಗಾಗಿ 2 ಗಂಟೆಗೆ ಮತ್ತೆ ಹೊಲಕ್ಕಿಳಿದರೆ ಇನ್ನೂ ಕಟುಬಿಸಿಲು. ಬೆಳಿಗ್ಗೆ ಆರೂವರೆಗೆ ಶುರುಮಾಡಿ, ಹನ್ನೊಂದರಿಂದ ಮೂರರವರೆಗೆ ತೊಟ್ಟು ಬಿಡಿಸುವುದು, ವಿಂಗಡಿಸುವುದನ್ನು ನೆರಳಿನಲ್ಲಿ ಇಟ್ಟುಕೊಳ್ಳಿ. ಗಡಿಯಾರ ಇಲ್ಲದವರಿಗೆ ನೆರಳೇ ಅಳತೆ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಮುಚ್ಚಿಕೊಳ್ಳುವ ಹೊತ್ತು. ತೆಳು ಮೋಡ ಕವಿದಿದೆ ಅಂತ ಟೋಪಿ ತೆಗೆಯಬೇಡಿ, ಸೆಕೆ ಕಡಿಮೆಯಾದರೂ ಚರ್ಮ ಸುಡುವ, ಕಣ್ಣಿಗೆ ಕಾಣದ ಯುವಿ ಕಿರಣ ಬಹುಪಾಲು ದಾಟಿ ಬರುತ್ತದೆ. ಬೆಳ್ಳಿ ಬಣ್ಣದ ಮಲ್ಚಿಂಗ್ ಹಾಳೆ ಹಾಸಿದ್ದರೆ ಅದು ಕೆಳಗಿನಿಂದಲೂ ಮುಖಕ್ಕೆ ಎರಚುತ್ತದೆ.

ಸನ್‌ಸ್ಕ್ರೀನ್ ಉಳಿದ ಜಾಗಕ್ಕೆ: ಮೂಗು, ಕೆನ್ನೆ, ಕಿವಿ, ಅಂಗೈ ಹಿಂಭಾಗ. ಟ್ಯೂಬಿನ ಮೇಲೆ ಎಸ್‌ಪಿಎಫ್ (ಬಿಸಿಲಿನ ಸುಡುವಿಕೆ ತಡೆಯುವ ಅಳತೆ) 30 ಇದ್ದರೆ ಸಾಕು, ಜೊತೆಗೆ ಯುವಿ-ಎ ಕಿರಣ ತಡೆಯುವುದನ್ನು ತೋರಿಸುವ ಪಿಎ+++ ಗುರುತಿರಲಿ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳಿನುದ್ದ ಹಿಂಡಿ, ಹೊರಡುವ 20 ನಿಮಿಷ ಮೊದಲು ಹಚ್ಚಬೇಕು, ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ. ಮುಖ, ಕುತ್ತಿಗೆ, ಕೈಗೆಲ್ಲ ಈ ಅಳತೆಯಲ್ಲಿ ದಿನಕ್ಕೆರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬ್ ಒಬ್ಬರಿಗೆ ಹೆಚ್ಚೆಂದರೆ ಒಂದು ವಾರ. ಹತ್ತು ಆಳಿಗೆ ತೂಗುವ ಮಾತಲ್ಲ, ಬಟ್ಟೆ ಮೊದಲು ಅಂದಿದ್ದು ಅದಕ್ಕೇ. ಮುಖದಲ್ಲಿ ಬಂಗು ಇರುವವರಿಗೆ ಬಣ್ಣ ಬೆರೆತ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಉತ್ತಮ, ಬಂಗು ಯುವಿಗಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕಿಗೂ ಕಪ್ಪಾಗುತ್ತದೆ.

ಔಷಧಿ ಹೊಡೆಯುವವರಿಗೆ ಬೇರೆ ನಿಯಮ. ಕೆಲವು ಸನ್‌ಸ್ಕ್ರೀನ್‌ಗಳು 2,4-ಡಿ ಕಳೆನಾಶಕ ಚರ್ಮದೊಳಗೆ ಇಳಿಯುವುದನ್ನು ಹೆಚ್ಚಿಸುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಅಂದು ಕ್ರೀಮ್ ನೆಚ್ಚದೆ ತುಂಬು ಬಟ್ಟೆ, ಕೈಗವಸು, ಮುಖಕ್ಕೆ ಪ್ಲಾಸ್ಟಿಕ್ ಪರದೆ. ಬೆಳಿಗ್ಗೆ ಹೊಡೆದರೆ ಬಿಸಿಲಿನ ತಾಪತ್ರಯವೂ ಇಲ್ಲ.

ಇನ್ನು ಕ್ಯಾನ್ಸರ್. ಕಪ್ಪಾಗುವುದು, ಸಿಪ್ಪೆ ಏಳುವುದು ಕ್ಯಾನ್ಸರ್ ಅಲ್ಲ. ನಮ್ಮ ಬಣ್ಣದ ಚರ್ಮಕ್ಕೆ ಬಿಸಿಲಿನ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಹುಟ್ಟಿನಿಂದಲೇ ಚರ್ಮ, ಕೂದಲು ಎರಡೂ ಬಿಳಿ ಇರುವವರಿಗೆ ಅಪಾಯ ತುಂಬ ಹೆಚ್ಚು, ಅಂಥವರಿಗೆ ದಯವಿಟ್ಟು ನೆರಳಿನ ಕೆಲಸವನ್ನೇ ಕೊಡಿ. ಉಳಿದವರಲ್ಲಿ ಹುಡುಕಬೇಕಾದ ಜಾಗ ಬೇರೆಯೇ ಇದೆ. ಹಳೇ ಸುಟ್ಟ ಗಾಯದ ಕಲೆಯಲ್ಲಿ ವರ್ಷಗಳ ಮೇಲೆ ಹುಣ್ಣಾಗಿ ಅಂಚು ದಪ್ಪವಾಗುವುದು. ಅಂಗಾಲಿನಲ್ಲಿ ಹರಡುವ ಕಪ್ಪು ಮಚ್ಚೆ. ಒಂದೇ ಉಗುರಿನಲ್ಲಿ ಅಗಲವಾಗುತ್ತ ಹೋಗುವ ಕಪ್ಪು ಗೆರೆ. ಇವು ಬಿಸಿಲಿನಿಂದ ಬರುವಂಥವಲ್ಲ, ಅದಕ್ಕೇ ಯಾರೂ ಅನುಮಾನ ಪಡುವುದಿಲ್ಲ. ಬಿಸಿಲು ಬೀಳುವ ಕಡೆ ಮೂಗಿನ ಮೇಲೆ, ಕಣ್ಣಿನ ಹತ್ತಿರ ಹೊಳೆಯುವ ಅಂಚಿನ ಕಪ್ಪು ಗಂಟು, ಆಗಾಗ ರಕ್ತ ಒಸರುವುದು, ಕೆಳತುಟಿಯ ಮಾಯದ ಸಿಪ್ಪೆ ಇದ್ದರೆ ನೋಡಿ.

ನಾಲ್ಕು ವಾರಕ್ಕೂ ಮಾಯದ ಯಾವ ಹುಣ್ಣನ್ನಾದರೂ ಜಿಲ್ಲಾಸ್ಪತ್ರೆಯ ಚರ್ಮ ವಿಭಾಗದಲ್ಲಿ ತೋರಿಸಿ, ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ಬೇಕಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುತ್ತಾರೆ. ಸುಣ್ಣ, ಗೇರೆಣ್ಣೆ ಹಚ್ಚಿ ಸುಡಿಸಬೇಡಿ: ಮೇಲೆ ಹೊಪ್ಪಳಿಕೆ ಕಟ್ಟಿ ವಾಸಿಯಾದಂತೆ ಕಂಡರೂ ಕೆಳಗೆ ಬೆಳೆಯುತ್ತಲೇ ಇರುತ್ತದೆ. ಆರಂಭದಲ್ಲೇ ಸಿಕ್ಕರೆ ಬಹಳಷ್ಟು ಸಲ ಕತ್ತರಿಸಿ ತೆಗೆಯುವುದರಲ್ಲೇ ಮುಗಿಯುತ್ತದೆ. ಸಿಪ್ಪೆ ಏಳುತ್ತಿರುವವರ ಕಿವಿಯ ಹಿಂಭಾಗ ನೋಡಿ ಇಲ್ಲಿ ಬರೆಯಿರಿ, ಕಾಂಗ್ರೆಸ್ ಗಿಡದ್ದೋ ಅಲ್ಲವೋ ಮುಂದೆ ನೋಡೋಣ.